ಲೋಕಶಿಕ್ಷಕನಿಗೆ ಸಲ್ಲುವ ಪೂಜೆ: ಡೆನ್ಮಾರ್ಕಿನ ಗ್ರುಂಟ್ವಿಗ್ ಮಹಾಶಯ

ಮನುಷ್ಯನು ಮೂರು ಋಣಗಳನ್ನು ಹೊತ್ತುಕೊಂಡೇ ಹುಟ್ಟುವನೆಂದು ನಮ್ಮ ಶಾಸ್ತ್ರಕಾರರು ಹೇಳಿರುವರು. ದೇವಋಣವು ಯಜ್ಞದಿಂದ ತೀರುವುದು. ಪಿತೃಋಣವು ಸಂತಾನದಿಂದ ತೀರುವುದು. ಋಷಿಋಣವಾದರೋ ಅಧ್ಯಯನಾಧ್ಯಾಪನಗಳಿಂದಲ್ಲದೆ ಬೇರೆ ವಿಧದಿಂದ ತೀರತಕ್ಕುದಲ್ಲ. ಋಷಿಗಳ ವಿಗ್ರಹವನ್ನು ಮಾಡಿಸಿ ಹೂವೇರಿಸಬೇಕೆಂದು ಆ ಪ್ರಸಂಗದಲ್ಲಿ ಯಾರೂ ವಿಧಿಸಿಲ್ಲ. ಅವರಿಂದ ಬಂದುದನ್ನು ಕಲಿತು ಮುಂದಿನವರಿಗೆ ಕಲಿಸಿದರೆ ಅದೇ ಅವರಿಗೆ ಸಂದ ಪೂಜೆ. ವಿದ್ಯಾದಾನ ಮಾಡಿದ ಮಹನೀಯರನ್ನು ಲೋಕವು ಹೇಗೆ ಗೌರವಿಸಬೇಕೆಂಬ ಪ್ರಶ್ನೆಗೆ ಇದಕ್ಕಿಂತ ಚಿಕ್ಕದಾದ ಉತ್ತರವೂ ಇದಕ್ಕಿಂತ ಕಠಿನವಾದ ಉತ್ತರವೂ ದೊರೆಯಲಾರದು.

ಈಗಿನ ಕಾಲದಲ್ಲಿ ವಯಸ್ಕರ ಶಿಕ್ಷಣಕ್ಕಾಗಿ ದುಡಿದವರನ್ನು ಗೌರವಿಸುವ ರೀತಿಗಳು ಬಹಳವಾಗಿವೆ. ಪಾರಿತೋಷಕವುಂಟು, ಬಿರುದುಂಟು, ಅಂಚೆಯ ಚೀಟಿಯ ಮೇಲೆ ಮುಖಚಿತ್ರವುಂಟು, ಬೀದಿಗೂ ಭವನಕ್ಕೂ ಹೆಸರಿಡುವುದುಂಟು. ಪ್ರತಿವರ್ಷ ಸೆಪ್ಟೆಂಬರ್ ೮ನೆಯ ತಾರೀಖು ಅಂತರರಾಷ್ಟ್ರೀಯ ಸಾಕ್ಷರತಾ ದಿನವೆಂದು ಆಚರಿಸಲ್ಪಡುತ್ತಿದೆ. ೧೯೬೫ರಲ್ಲಿ ಇರಾನ್ ದೇಶದ ಟೆಹರಾನ್ ನಗರದಲ್ಲಿ ನಾನಾ ದೇಶಗಳ ವಿದ್ಯಾಮಂತ್ರಿಗಳು ನಿರಕ್ಷರತೆಯ ನಿವಾರಣೆಗಾಗಿ ಸಭೆ ಸೇರಿದ್ದು ಆ ದಿನವೇ. ಅದರ ನೆನಪಿಗಾಗಿ ಯುನೆಸ್ಕೋ ಸಂಸ್ಥೆಯು ಮರುವರ್ಷ ಆ ದಿನವನ್ನು ಗೊತ್ತುಮಾಡಿತು. ೧೯೬೭ರಿಂದ ಆಚರಣೆಯು ನಡೆದುಬಂದಿದೆ. ಆದರೆ ಕಾಕತಾಳೀಯವಾಗಿ, ೧೭೮೩ನೆಯ ಇಸವಿಯ ಅದೇ ಸೆಪ್ಟೆಂಬರ್ ೮ರಂದು ಡೆನ್ಮಾರ್ಕು ದೇಶದ ಊಡ್ಬಿ ಎಂಬ ಹಳ್ಳಿಯ ಪಾದ್ರಿಯ ಮನೆಯಲ್ಲಿ ಒಂದು ಗಂಡುಮಗುವು ಹುಟ್ಟಿದ್ದಿತು. ವಯಸ್ಕರ ಶಿಕ್ಷಣದ ಚರಿತ್ರೆಯಲ್ಲಿ ಮೊದಲು ಎಣಿಸಬೇಕಾದವರಲ್ಲಿ ಒಬ್ಬನಾದ ನಿಕೊಲಾಯ್ ಫ್ರೆಡರಿಕ್ ಸೆವೆರಿನ್ ಗ್ರುಂಟ್ವಿಗ್ ಎಂಬಾತನೇ ಆ ಮಗು. ತನ್ನ ದೇಶದಿಂದ ಆತನು ಪಡೆದಷ್ಟು ವಿಧವಾದ ಸನ್ಮಾನಗಳನ್ನು ಪಡೆದ ಲೋಕಶಿಕ್ಷಕರು ವಿರಳ. ಅವುಗಳಲ್ಲಿ ಯಾವುದು ಆತನಿಗೆ ನಿಜವಾಗಿ ಮುಟ್ಟಿತೆಂಬುದನ್ನು ವಿಚಾರಿಸುವುದು ನಮ್ಮ ದೇಶದವರಿಗೂ ಉಪಯುಕ್ತವಾದೀತು.

ಗ್ರುಂಟ್ವಿಗ್ಗನು ಬೆಳೆದ ಕಾಲವು ಡೇನರ ಪಾಲಿಗೆ ದುಷ್ಕಾಲವಾಗಿದ್ದಿತು. ೧೮೦೭ರಲ್ಲಿ ಆಂಗ್ಲರ ಸೈನ್ಯವು ರಾಜಧಾನಿಯಾದ ಕೋಪನ್‌ಹೇಗನ್ ನಗರದ ಮೇಲೆ ಗುಂಡಿನ ಮಳೆಗರೆದು ಆ ದೇಶದ ಯುದ್ಧದ ಹಡಗುಗಳನ್ನು ಸೆಳೆದೊಯ್ದಿತು. ೧೮೧೩ರಲ್ಲಿ ರಾಜ್ಯದ ಬೊಕ್ಕಸವು ದಿವಾಳಿಯೆದ್ದಿತು. ೧೮೧೪ರಲ್ಲಿ, ನಾನೂರು ವರ್ಷಗಳಿಗೂ ಮೇಲ್ಪಟ್ಟು ಒಂದೇ ಸಿಂಹಾಸನಕ್ಕೆ ಸೇರಿದ್ದ ನಾರ್ವೆ ದೇಶವು ಕೈಬಿಟ್ಟುಹೋಯಿತು. ದೇಶದ ಬಹುಸಂಖ್ಯೆಯ ಪ್ರಜೆಗಳು ರೈತರು. ರೈತನ ಗಂಡುಮಕ್ಕಳು ತಾವು ಹುಟ್ಟಿದ ಜಮೀನುದಾರಿಯನ್ನು ಬಿಟ್ಟು ಕದಲಕೂಡದೆಂಬ ಕಟ್ಟಳೆಯನ್ನು ರದ್ದುಮಾಡುವ ಆಜ್ಞೆಯು ಹೊರಟದ್ದು ೧೭೮೮ರಲ್ಲಿ. ಎಂದರೆ ಗ್ರುಂಟ್ವಿಗ್ಗನು ಇನ್ನೂ ಐದು ವರ್ಷ ತುಂಬದ ಬಾಲಕನಾಗಿದ್ದಾಗ. ೧೮೧೪ರ ಕಾನೂನಿನಿಂದ ಏಳರಿಂದ ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆಲ್ಲ ಶಿಕ್ಷಣವು ಕಡ್ಡಾಯವಾಯಿತು. ಆದುದರಿಂದ ಡೆನ್ಮಾರ್ಕಿನ ರೈತನಿಗೆ ಅಕ್ಷರದ ಕೊರತೆಯು ಅಷ್ಟಾಗಿ ಇರಲಿಲ್ಲ. ಹದಿನಾಲ್ಕನೆಯ ವಯಸ್ಸಿಗೆ ಪ್ರಶ್ನೋತ್ತರಮಾಲೆಯನ್ನು ಒಪ್ಪಿಸಿ ಶಾಲೆಯಿಂದ ಹೊರಬಿದ್ದವನು ಆಮೇಲೆ ಸಾಯುವವರೆಗೆ ಯಾರಿಂದಲೂ ಏನನ್ನೂ ಕೇಳಿ ತಿಳಿಯುವ ಏರ್ಪಾಡು ಇರಲಿಲ್ಲವೆಂಬುದೇ ಕೊರತೆ.

ಗ್ರುಂಟ್ವಿಗ್ಗನು ಹದಿನೈದನೆಯ ವಯಸ್ಸಿನಲ್ಲಿ ಆರ್ಹೂಸ್ ಪಟ್ಟಣದ ಲ್ಯಾಟಿನ್ ಶಾಲೆಗೆ ಸೇರಿದನು. ಅಲ್ಲಿ ಕಂಠಪಾಠವುಂಟು, ಬೆತ್ತವುಂಟು, ವ್ಯಾಕರಣವುಂಟು. ಉತ್ಸಾಹವೆಂಬುದು ಮಾತ್ರ ಇರಲಿಲ್ಲ. ಹುಡುಗನು ಬಿಡುವು ದೊರೆತಾಗ ಹತ್ತಿರದ ಒಬ್ಬ ಜೋಡು ಹೊಲಿಯುವವನ ಅಂಗಡಿಯಲ್ಲಿ ಕುಳಿತು ಕಥೆಗಳನ್ನು ಓದುತ್ತಲೂ ಹರಟುತ್ತಲೂ ಇದ್ದನು. ಅದಕ್ಕೆ ಮುಂಚೆ ತಂದೆಯ ಮನೆಯಲ್ಲಿ ಮಾಲೇನ ಎಂಬ ಕುಂಟಿಯಾದ ಮುದುಕಿಯೊಬ್ಬಳು ಆತನಿಗೆ ಹಾಡುಗಳನ್ನೂ ನಾಡಮಾತನ್ನೂ ಕಲಿಸಿದ್ದಳು. ತನಗೆ ಭಾಷೆಯನ್ನು ಕಲಿಸಿದ ಗುರುಗಳನ್ನು ನೆನೆಯುವಾಗ ಆತನು ಈ ಮುದುಕಿಯನ್ನು ಮರೆಯುತ್ತಿರಲಿಲ್ಲ. ಲ್ಯಾಟಿನ್ ಶಾಲೆಗೆ ಆತನು ಮುಂದೆ ಇಟ್ಟ ಹೆಸರು ‘ಮೃತ್ಯುವಿನ ಶಾಲೆ’ ಎಂದು. ಪ್ರಾಚೀನ ಭಾಷೆಯ ಮೇಲೆ ಆತನಿಗಿದ್ದ ಕೋಪವು ಪೂರ್ಣವಾಗಿ ನ್ಯಾಯವಾದುದೆಂದು ಸಂಸ್ಕೃತವನ್ನು ಓದಿದವರು ಒಪ್ಪಲಾರರು. ಆದರೆ ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಬರುವ ಜೀವಂತವಾದ ಮಾತಿನಿಂದಲೇ ವಿದ್ಯೆಯು ಹೊತ್ತಿಕೊಳ್ಳುವುದೆಂಬ ಆತನ ಮುಖ್ಯ ಸಿದ್ಧಾಂತವು ಶ್ರವಣ ಮನನಗಳ ಮಾರ್ಗವನ್ನು ಬಲ್ಲವರಿಗೆ ಅಪರಿಚಿತವಾದುದೇನೂ ಅಲ್ಲ.

ಆತನು ಪಾದ್ರಿಯಾದನು, ಕವಿಯಾದನು, ಚರಿತ್ರಕಾರನಾದನು. ಆತನ ಲೇಖನಿಯು ಹರಿತವಾದುದು. ಆತನ ಗ್ರಂಥಗಳು ದೀರ್ಘವಾದವು. ಆತನ ಕೋಪವು ಬೇಗ ಆರುವಂತಹುದಲ್ಲ. ೧೮೨೫ರಲ್ಲಿ ಒಬ್ಬ ಧರ್ಮಶಾಸ್ತ್ರದ ಪ್ರಾಧ್ಯಾಪಕನನ್ನು ಖಂಡಿಸಿ ಪುಸ್ತಕವನ್ನು ಬರೆದುದಕ್ಕಾಗಿ ಆತನ ಮೇಲೆ ಮಾನನಷ್ಟದ ವ್ಯಾಜ್ಯವು ನಡೆಯಿತು. ಆತನು ಸೋತನು. ಮುಂದೆ ಆತನು ಬರೆದುದೆಲ್ಲವೂ ಅಚ್ಚಾಗುವ ಮೊದಲು ಸರಕಾರದ ಪರಿಶೀಲಕನ ಕಣ್ಣಿಗೆ ಬೀಳಬೇಕೆಂದು ತೀರ್ಪಾಯಿತು. ೧೮೨೬ರಿಂದ ೧೮೩೭ರವರೆಗೆ ಈ ಕಟ್ಟು ಆತನ ಮೇಲಿದ್ದಿತು. ಮುಂದೆ ಯಾವನ ಹೆಸರಿನಲ್ಲಿ ಮಹಾದೇವಾಲಯವೇ ಏಳಬೇಕಾಗಿದ್ದಿತೋ ಅವನ ಬಾಯಿಗೆ ಹನ್ನೊಂದು ವರ್ಷಗಳ ಕಾಲ ಬೀಗವಿದ್ದಿತೆಂಬುದನ್ನು ಮರೆಯಲಾಗದು.

ಈ ಅವಧಿಯಲ್ಲಿಯೇ ೧೮೨೯, ೧೮೩೦, ೧೮೩೧ರ ಮೂರು ಬೇಸಗೆಗಳಲ್ಲಿ ಆತನು ಇಂಗ್ಲೆಂಡಿಗೆ ಹೋಗಿ ಬಂದನು. ಹೋದದ್ದು ಹಳೆಯ ಆಂಗ್ಲ ಭಾಷೆಯ ಹಸ್ತಪ್ರತಿಗಳನ್ನು ನೋಡುವುದಕ್ಕಾಗಿ. ಆದರೆ ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜಿನಲ್ಲಿ ಗುರುಶಿಷ್ಯರು ಒಂದೇ ಆವರಣದಲ್ಲಿ ವಾಸಮಾಡುತ್ತ, ಒಂದೇ ಭೋಜನಶಾಲೆಯಲ್ಲಿ ಉಣ್ಣುತ್ತ, ಸಂಕೋಚವಿಲ್ಲದೆ ಮಾತನಾಡುತ್ತಿದ್ದುದನ್ನು ಕಂಡು ಆತನ ಮನಸ್ಸು ಬೇರೊಂದು ದಿಕ್ಕಿಗೆ ತಿರುಗಿತು. ನಮ್ಮ ಗುರುಕುಲದ ಛಾಯೆಯನ್ನು ಹೋಲುವ ಈ ಸಹವಾಸವು ಶ್ರೀಮಂತರ ಮಕ್ಕಳಿಗೆ ಮಾತ್ರ ಏಕೆ ಮೀಸಲಾಗಿರಬೇಕು? ಅದೇ ಕಾಲಕ್ಕೆ ಡೆನ್ಮಾರ್ಕಿನ ಅರಸನು ಪ್ರಾಂತಗಳಲ್ಲಿ ಸಲಹಾಸಭೆಗಳನ್ನು ಏರ್ಪಡಿಸುವುದಾಗಿ ಸಾರಿದ್ದನು. ೧೮೩೫ರ ಸುಮಾರಿಗೆ ಅವು ಸೇರಲಾರಂಭಿಸಿದವು. ರೈತನು ಜಮೀನುದಾರನ ಪಕ್ಕದಲ್ಲಿ ಕುಳಿತು ರಾಜ್ಯದ ವಿಚಾರದಲ್ಲಿ ಅಭಿಪ್ರಾಯ ಹೇಳಬೇಕಾಯಿತು. ಹೇಳಬೇಕಾದವನಿಗೆ ತನ್ನ ದೇಶದ ಚರಿತ್ರೆ, ಕಾನೂನು, ಭಾಷೆ ಇವುಗಳ ಪರಿಚಯವನ್ನು ಮಾಡಿಕೊಡುವವರು ಯಾರು? ಈ ಪ್ರಶ್ನೆಗೆ ಉತ್ತರವಾಗಿ ಆತನು ಹಲವು ಪುಸ್ತಿಕೆಗಳನ್ನು ಬರೆದನು. ೧೮೩೮ರಲ್ಲಿ ಬಂದ ಪುಸ್ತಿಕೆಯಲ್ಲಿ ‘ಜೀವನಕ್ಕಾಗಿ ಶಾಲೆ’ ಎಂಬ ಹೆಸರೇ ಇದ್ದಿತು. ಹದಿನೆಂಟು ವರ್ಷ ದಾಟಿದ ಯಾವ ಪ್ರಜೆಯಾದರೂ ಬಂದು ಇರಬಹುದು, ಪರೀಕ್ಷೆಯಿಲ್ಲ, ಪದವಿಯಿಲ್ಲ, ಮಾತೃಭಾಷೆ, ದೇಶದ ಚರಿತ್ರೆ, ಹಾಡು, ಸಂಭಾಷಣೆ ಇವೇ ಪಾಠ, ಮುಗಿದಮೇಲೆ ರೈತನು ತನ್ನ ನೇಗಿಲಿಗೆ ಹಿಂದಿರುಗತಕ್ಕದ್ದು. ಇಂತಹ ಸಂಸ್ಥೆಗೆ ಡೇನರು ಇಟ್ಟ ಹೆಸರನ್ನು ಇಂಗ್ಲಿಷಿನಲ್ಲಿ ಫೋಕ್ ಹೈಸ್ಕೂಲ್ ಎನ್ನುವರು. ಕನ್ನಡದಲ್ಲಿ ಜನತಾ ವಿದ್ಯಾಪೀಠವೆಂದರೆ ಅದರ ಸ್ವರೂಪಕ್ಕೆ ಸರಿಹೋಗುವುದು.

ಅದೇ ೧೮೩೮ರಲ್ಲಿ, ಪರಿಶೀಲನೆಯ ಕಟ್ಟು ಕಳಚಿದ ಮರುವರ್ಷ, ಗ್ರುಂಟ್ವಿಗ್ಗನು ಕೋಪನ್‌ಹೇಗನ್ನಿನ ಬೋರ್ಕ್ ಕಾಲೇಜಿನಲ್ಲಿ ಜನರ ನೆನಪಿನೊಳಗಿನ ಐವತ್ತು ವರ್ಷಗಳ ಚರಿತ್ರೆಯನ್ನು ಕುರಿತು ಉಪನ್ಯಾಸಮಾಲೆಯೊಂದನ್ನು ನಡೆಸಿದನು. ಒಂದು ಸಂಜೆ ಯುದ್ಧದಲ್ಲಿ ಮಡಿದ ಯುವಕ ನೌಕಾವೀರನೊಬ್ಬನ ಪ್ರಸಂಗ ಬಂದಾಗ ಸಭೆಯವರು ಯಾರೂ ಹೇಳದೆಯೇ ಒಟ್ಟಾಗಿ ಆ ವೀರನ ಮೇಲಿನ ಹಾಡನ್ನು ಹಾಡತೊಡಗಿದರೆಂದು ಹೇಳುವರು. ಉಪನ್ಯಾಸವೂ ಸಾಮೂಹಿಕ ಗಾನವೂ ಒಂದಕ್ಕೊಂದು ಕೂಡಿಕೊಂಡ ಆ ಸಂಜೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ನೂರಾ ಎರಡು ವರ್ಷಗಳ ಮೇಲೆ ಅದು ಮರಳಿ ಬರುವುದು.

ಮೊದಲನೆಯ ವಿದ್ಯಾಪೀಠವು ೧೮೪೪ನೆಯ ನವೆಂಬರ್ ೭ರಂದು ಶ್ಲೆಸ್ವಿಗ್ ಪ್ರಾಂತದ ರೋಡಿಂಗ್ ಎಂಬ ಊರಿನಲ್ಲಿ ತೆರೆಯಿತು. ಜರ್ಮನ್ ಭಾಷೆಯ ಒತ್ತಡಕ್ಕೆ ಸಿಕ್ಕಿದ್ದ ಗಡಿನಾಡು ಅದು. ಅಲ್ಲಿನ ರೈತರಿಗೆ ತಮ್ಮ ಮಾತಿನ ಮೇಲೆ ಅಭಿಮಾನವುಂಟಾಗಬೇಕೆಂಬ ಉದ್ದೇಶದಿಂದ ಕೀಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕನಾಗಿದ್ದ ಕ್ರಿಸ್ತಿಯಾನ್ ಫ್ಲೋರ್ ಮೊದಲಾದವರು ಅದನ್ನು ಸ್ಥಾಪಿಸಿದರು. ಗ್ರುಂಟ್ವಿಗ್ಗನ ಮನಸ್ಸಿನಲ್ಲಿದ್ದುದಾದರೋ ಸೋರೋ ಎಂಬಲ್ಲಿ ಅರಸನ ಆಶ್ರಯದಲ್ಲಿ ಒಂದೇ ದೊಡ್ಡ ವಿದ್ಯಾಪೀಠವು ಏಳಬೇಕೆಂದು. ಎಂಟನೆಯ ಕ್ರಿಸ್ತಿಯಾನ್ ಅರಸನು ಅದಕ್ಕೆ ಅನುಕೂಲನಾಗಿದ್ದನು. ರಾಣಿಯಾದ ಕ್ಯಾರೊಲಿನ್ ಅಮಾಲಿಯು ಗ್ರುಂಟ್ವಿಗ್ಗನ ಪರಮಾಭಿಮಾನಿಯಾಗಿದ್ದಳು. ೧೮೪೭ರಲ್ಲಿ ಅಪ್ಪಣೆಯೂ ಆಯಿತು. ೧೮೪೮ರ ಜನವರಿಯಲ್ಲಿ ಅರಸನು ತೀರಿಕೊಂಡನು. ಅದೇ ವರ್ಷ ಯುದ್ಧವೂ ಬಂದಿತು. ಸೋರೋ ವಿದ್ಯಾಪೀಠವು ಕಾಗದದಲ್ಲಿಯೇ ಉಳಿಯಿತು. ಅರಸನ ಕೃಪೆಯನ್ನು ನಂಬಿದ ವಿದ್ಯೆಯು ಅರಸನೊಡನೆಯೇ ಹೋಗಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವು ಬೇಕಾಗಿಲ್ಲ.

ಕಾಗದದಲ್ಲಿದ್ದುದನ್ನು ನೆಲದ ಮೇಲೆ ನಿಲ್ಲಿಸಿದವನು ಮತ್ತೊಬ್ಬನು. ಕ್ರಿಸ್ತೆನ್ ಮಿಕೆಲ್ಸೆನ್ ಕೋಲ್ಡ್ ಎಂಬಾತನು ೧೮೧೬ರಲ್ಲಿ ತಿಸ್ತೆಡ್ ಎಂಬಲ್ಲಿ ಜೋಡು ಹೊಲಿಯುವವನೊಬ್ಬನ ಮಗನಾಗಿ ಹುಟ್ಟಿದನು. ಉಪಾಧ್ಯಾಯನಾಗಲು ತರಬೇತನ್ನು ಪಡೆದನು. ಆದರೆ ಮಕ್ಕಳಿಂದ ಧರ್ಮಪಾಠವನ್ನು ಬಾಯಿಪಾಠವಾಗಿ ಒಪ್ಪಿಸಿಕೊಳ್ಳಲಾರೆನೆಂದು ಹಟಹಿಡಿದುದರಿಂದ ಅಧಿಕಾರಿಗಳು ಆತನಿಗೆ ಸರಕಾರಿ ಶಾಲೆಯ ಕೆಲಸವನ್ನು ಕೊಡಲೊಲ್ಲದೆಹೋದರು. ಬೇಸತ್ತು ಒಬ್ಬ ಪಾದ್ರಿಯ ಸೇವಕನಾಗಿ ತುರ್ಕಿ ದೇಶದ ಸ್ಮಿರ್ನಾ ನಗರಕ್ಕೆ ಹೋದನು. ಅಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕಸಬಿನಿಂದ ನಾಲ್ಕು ಕಾಸನ್ನು ಕೂಡಿಸಿದನು. ೧೮೪೭ರಲ್ಲಿ ಹಡಗಿನಿಂದ ತ್ರಿಯೆಸ್ತೆ ರೇವಿಗೆ ಬಂದಿಳಿದು, ಒಂದು ಕೈಗಾಡಿಯನ್ನು ಕೊಂಡು, ಅದರಲ್ಲಿ ತನ್ನ ಸಾಮಾನುಗಳನ್ನು ಹೇರಿ, ಯೂರೋಪಿನ ಉದ್ದಕ್ಕೂ ಎಳೆದುಕೊಂಡು ನಡೆದೇ ಊರು ಸೇರಿದನು. ಇಂತಹವನು ೧೮೫೧ರಲ್ಲಿ ಫ್ಯೂನೆನ್ ದ್ವೀಪದ ರಿಸ್ಲಿಂಗೆ ಹಳ್ಳಿಯಲ್ಲಿ ಸ್ವಂತವಾಗಿ ಒಂದು ವಿದ್ಯಾಪೀಠವನ್ನು ಕಟ್ಟಲು ಹೊರಟನು.

ಸಾಲದ ಹಣಕ್ಕಾಗಿ ಆತನು ಗ್ರುಂಟ್ವಿಗ್ಗನ ಬಳಿಗೆ ಹೋದಾಗ ಇಬ್ಬರಿಗೂ ಒಂದು ವಿಚಾರದಲ್ಲಿ ಭಿನ್ನಾಭಿಪ್ರಾಯವಾಯಿತು. ಹದಿನಾಲ್ಕು ಹದಿನೈದು ವರ್ಷದ ಹುಡುಗರು ಮೃದುವಾಗಿರುವರು, ಅವರನ್ನು ತಿದ್ದಬಹುದು ಎಂದು ಕೋಲ್ಡನ ಎಣಿಕೆ. ಹದಿನೆಂಟು ತುಂಬದವರಿಗೆ ಇದು ತಿಳಿಯದು, ಜೀವನದ ಪ್ರಶ್ನೆಗಳು ಎದ್ದಮೇಲೆಯೇ ಉತ್ತರ ಹೇಳಬೇಕು ಎಂದು ಗ್ರುಂಟ್ವಿಗ್ಗನ ಮತ. ಅನುಭವದಮೇಲೆ ಕೋಲ್ಡನು ಹಿರಿಯನ ಮಾತೇ ಸರಿಯೆಂದು ಒಪ್ಪಿದನು. ಗ್ರುಂಟ್ವಿಗ್ಗನು ಹಣಕ್ಕಾಗಿ ತನ್ನ ಸ್ನೇಹಿತರಿಗೆ ಶಿಫಾರಸು ಮಾಡಿದನು. ಮೊದಲ ಚಳಿಗಾಲದಲ್ಲಿ ಬಂದ ಶಿಷ್ಯರು ಹದಿನೈದು ಮಂದಿ. ಗುರುವೂ ಶಿಷ್ಯರೂ ಒಂದೇ ಅಟ್ಟದ ಮೇಲೆ ಮಲಗುವರು. ಒಂದೇ ಪಾತ್ರೆಯ ಅಡಿಗೆಯನ್ನು ಉಣ್ಣುವರು. ಕೋಲ್ಡನು ರೈತರಂತೆ ಮನೆಯಲ್ಲಿ ನೂತ ಬಟ್ಟೆಯನ್ನುಟ್ಟು ಒಲೆಯ ಬಳಿ ಕುಳಿತು ಮಾತನಾಡುವನು. ಬೇಸಾಯದ ಕೆಲಸವಿಲ್ಲದ ನವೆಂಬರಿನಿಂದ ಮಾರ್ಚಿಯವರೆಗೆ ಗಂಡಸರಿಗೂ, ಕೆಲಕಾಲದ ಮೇಲೆ ಬೇಸಗೆಯ ಮೂರು ತಿಂಗಳು ಹೆಣ್ಣುಮಕ್ಕಳಿಗೂ ಪಾಠಗಳು ನಡೆಯತೊಡಗಿದವು. ಮುಂದೆ ಇತರ ವಿದ್ಯಾಪೀಠಗಳಿಗೂ ಇದೇ ಪದ್ಧತಿಯಾಯಿತು.

ಕೋಲ್ಡನ ವಿಷಯದಲ್ಲಿ ಒಂದು ಕಥೆಯು ಡೆನ್ಮಾರ್ಕಿನಲ್ಲಿ ಪ್ರಸಿದ್ಧವಾಗಿದೆ. ಶಿಷ್ಯನೊಬ್ಬನು, ತಾವು ಹೇಳುವುದನ್ನು ಕೇಳುವಾಗ ಬಹಳ ಸಂತೋಷವಾಗುವುದು, ಆದರೆ ಆಮೇಲೆ ನೆನಪಿನಲ್ಲಿ ನಿಲ್ಲದೆ ಹೋಗುವುದು ಎಂದು ಕೊರಗಿದನಂತೆ. ಅದಕ್ಕೆ ಕೋಲ್ಡನು, ಹೊಲದ ನೀರನ್ನು ಬಸಿಯುವುದಕ್ಕೆ ಮಣ್ಣಿನ ಕೊಳವೆಯನ್ನು ಹೂಳಿದರೆ ಎಲ್ಲಿ ಹೂಳಿದೆವೆಂದು ತಿಳಿಯಲು ಗುರುತಿನ ಗೂಟವನ್ನು ನೆಡಬೇಕಾಗುವುದು, ಕಾಳನ್ನು ಬಿತ್ತಿದರೆ ಗೂಟದ ಅಗತ್ಯವಿಲ್ಲ, ಅದು ತಾನಾಗಿಯೇ ಮೇಲೆ ಬರುವುದು ಎಂದು ಸಮಾಧಾನ ಹೇಳಿದನಂತೆ. ಒಕ್ಕಲುಮಗನಿಗೆ ಹೇಳತಕ್ಕ ಉಪಮೆ ಇದು.

೧೮೬೪ರ ಯುದ್ಧದಲ್ಲಿ ಡೆನ್ಮಾರ್ಕು ಪ್ರಷ್ಯ ಆಸ್ಟ್ರಿಯಗಳಿಗೆ ಸೋತು ಶ್ಲೆಸ್ವಿಗ್, ಹಾಲ್‌ಸ್ಟೈನ್ ಪ್ರಾಂತಗಳನ್ನು ಕಳೆದುಕೊಂಡಿತು. ರೋಡಿಂಗ್ ವಿದ್ಯಾಪೀಠವಿದ್ದ ನೆಲವೇ ಪರರಾಜ್ಯವಾಯಿತು. ಅಲ್ಲಿನ ಉಪಾಧ್ಯಾಯರು ಲುಡ್ವಿಗ್ ಶ್ರೋಡರನ ಮುಂದಾಳುತನದಲ್ಲಿ ಹೊಸ ಗಡಿಯಿಂದ ಈಚೆಗೆ ಬಂದು ೧೮೬೫ರಲ್ಲಿ ಆಸ್ಕೋವ್ ಎಂಬಲ್ಲಿ ಪಾಠವನ್ನು ಮುಂದುವರಿಸಿದರು. ಸೋಲಿನ ಮರುವರ್ಷಗಳಲ್ಲಿಯೇ ವಿದ್ಯಾಪೀಠಗಳು ಜಿಲ್ಲೆಜಿಲ್ಲೆಗಳಲ್ಲಿ ಎದ್ದವು. ಹೊರಗೆ ಕಳೆದುದನ್ನು ಒಳಗೆ ಗಳಿಸಬೇಕೆಂಬ ಛಲವು ಆ ಜನರಲ್ಲಿ ಹುಟ್ಟಿದ್ದಿತು. ಅಮೆರಿಕ ರಷ್ಯಗಳ ಅಗ್ಗದ ಧಾನ್ಯವು ಯೂರೋಪಿನ ಪೇಟೆಗಳನ್ನು ತುಂಬಿ ಡೇನ್ ರೈತನ ಬೆಳೆಗೆ ಬೆಲೆಯಿಲ್ಲದಾದಾಗ ಆತನು ಹೈನಿನ ಕಡೆಗೆ ತಿರುಗಿದನು. ೧೮೮೨ರಲ್ಲಿ ಹೆಡ್ಡಿಂಗ್ ಎಂಬ ಹಳ್ಳಿಯಲ್ಲಿ ಬೆಣ್ಣೆ ತೆಗೆಯುವ ಮೊದಲ ಸಹಕಾರ ಸಂಘವು ಸ್ಥಾಪಿತವಾಯಿತು. ೧೮೮೭ರಲ್ಲಿ ಹಾರ್ಸೆನ್ಸ್ ಪಟ್ಟಣದಲ್ಲಿ ಸಹಕಾರಿ ಮಾಂಸದ ಕಾರ್ಖಾನೆಯು ಹುಟ್ಟಿತು. ವಿದ್ಯಾಪೀಠದಲ್ಲಿ ಬೆಣ್ಣೆ ತೆಗೆಯುವುದನ್ನು ಮುಖ್ಯವಾಗಿ ಕಲಿಸುತ್ತಿರಲಿಲ್ಲ. ಆದರೂ ಈ ಸಂಘಗಳನ್ನು ನಡೆಸಿದವರಲ್ಲಿ ಬಹುಮಂದಿ ಒಂದೊಂದು ಚಳಿಗಾಲವನ್ನು ಅಲ್ಲಿ ಕಳೆದವರು. ನೆರೆಯವನನ್ನು ನಂಬುವುದು, ಸಭೆಯಲ್ಲಿ ಎದ್ದು ಮಾತನಾಡುವುದು, ಬಡವನ ಹಾಲಿಗೂ ಸಿರಿವಂತನ ಹಾಲಿಗೂ ಒಂದೇ ಅಳತೆಯೆಂದು ಒಪ್ಪುವುದು, ಇವು ಒಂದೇ ಅಟ್ಟದ ಮೇಲೆ ಮಲಗಿ ಎದ್ದವರಿಗೆ ಸುಲಭವಾಗಿ ಬಂದ ಗುಣಗಳು.

ಇನ್ನು ಸನ್ಮಾನಗಳ ವಿಚಾರ.

ಮೊದಲನೆಯದು ೧೮೫೩ರಲ್ಲಿ ಒದಗಿತು. ಆ ವರ್ಷ ಗ್ರುಂಟ್ವಿಗ್ಗನಿಗೆ ಎಪ್ಪತ್ತು ತುಂಬಿತು. ಸ್ನೇಹಿತರೂ ಅಭಿಮಾನಿಗಳೂ ಸೇರಿ ಹಣವನ್ನು ಕೂಡಿಸಿದರು. ಆ ನಿಧಿಯಿಂದ ಏನು ಮಾಡಬೇಕು? ಮುದುಕನಿಗೆ ಬೆಳ್ಳಿಯ ತಟ್ಟೆಯನ್ನೋ ಭಾವಚಿತ್ರವನ್ನೋ ಒಪ್ಪಿಸಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅದರ ಬದಲಾಗಿ ಕೋಪನ್‌ಹೇಗನ್ನಿನ ಹೊರವಲಯದ ಮರಿಯೆಲಿಸ್ಟ್ ಎಂಬಲ್ಲಿ ೧೮೫೬ರ ನವೆಂಬರಿನಲ್ಲಿ ಗ್ರುಂಟ್ವಿಗ್ಗನ ಹೆಸರಿನ ವಿದ್ಯಾಪೀಠವು ತೆರೆಯಲ್ಪಟ್ಟಿತು. ತಾನಾಗಿ ಯಾವ ವಿದ್ಯಾಪೀಠವನ್ನೂ ನಡೆಸದಿದ್ದ, ಸೋರೋವಿನ ಕನಸು ಕೈಗೂಡದೆ ನೊಂದಿದ್ದ ಆ ವೃದ್ಧನಿಗೆ, ತಾನು ಬದುಕಿರುವಾಗಲೇ ತನ್ನ ಹೆಸರಿನ ಮಾಳಿಗೆಯೊಳಗೆ ರೈತರ ಮಕ್ಕಳು ಬಂದು ಕುಳಿತುದನ್ನು ನೋಡುವ ಭಾಗ್ಯವು ಲಭಿಸಿತು.

ಎರಡನೆಯದು ೧೮೬೧ರದು. ಆತನು ಪಾದ್ರಿಯಾಗಿ ಐವತ್ತು ವರ್ಷಗಳು ತುಂಬಿದಾಗ ಅರಸನು ಆತನಿಗೆ ಬಿಷಪ್ ಎಂಬ ಬಿರುದನ್ನು ಕೊಟ್ಟನು. ಬಿರುದಿನೊಡನೆ ಅಧಿಕಾರದ ಪ್ರಾಂತವೇನೂ ಬರಲಿಲ್ಲ. ಒಂದು ಕಾಲದಲ್ಲಿ ಆತನ ಬಾಯಿಗೆ ಬೀಗಹಾಕಿದ ರಾಜ್ಯವು ಈಗ ಆತನ ತಲೆಗೆ ಪಾಗನ್ನು ಸುತ್ತಿತು. ಆತನು ಅದರಿಂದ ಕೆಡಲೂ ಇಲ್ಲ, ಕೆಲಸವನ್ನು ನಿಲ್ಲಿಸಲೂ ಇಲ್ಲ. ೧೮೩೯ರಿಂದ ತಾನು ಸೇವೆ ಮಾಡುತ್ತಿದ್ದ ವಾರ್ಟೋವ್ ಆಸ್ಪತ್ರೆಯ ಗುಡಿಯಲ್ಲಿಯೇ ಇದ್ದು, ೧೮೭೨ನೆಯ ಸೆಪ್ಟೆಂಬರ್ ೧ರ ಭಾನುವಾರ ಉಪದೇಶವನ್ನು ಮಾಡಿ, ಮರುದಿನ ತೀರಿಕೊಂಡನು. ಎಂಬತ್ತೊಂಬತ್ತು ವರ್ಷ ತುಂಬುವುದಕ್ಕೆ ಆರು ದಿನ ಉಳಿದಿದ್ದವು.

ಮೂರನೆಯದು ಎಲ್ಲಕ್ಕೂ ದೊಡ್ಡದು. ೧೯೧೩ರಲ್ಲಿ ಗ್ರುಂಟ್ವಿಗ್ಗನ ಸ್ಮಾರಕಕ್ಕಾಗಿ ನಡೆದ ಸ್ಪರ್ಧೆಗೆ ಯೆನ್ಸೆನ್ ಕ್ಲಿಂಟ್ ಎಂಬ ಶಿಲ್ಪಿಯು ಪ್ರತಿಮೆಯ ನಕ್ಷೆಯನ್ನು ಕೊಡದೆ ದೇವಾಲಯದ ನಕ್ಷೆಯನ್ನು ಕೊಟ್ಟನು. ಮೊದಲ ಮಹಾಯುದ್ಧವು ಮುಗಿದಮೇಲೆ ೧೯೨೧ನೆಯ ಸೆಪ್ಟೆಂಬರ್ ೮ರಂದು, ಗ್ರುಂಟ್ವಿಗ್ಗನ ಹುಟ್ಟಿದ ದಿನ, ರಾಜಧಾನಿಯ ಬಿಸ್ಪೆಬ್ಯರ್ಗ್ ಗುಡ್ಡದ ಮೇಲೆ ಅಡಿಗಲ್ಲನ್ನು ಇಟ್ಟರು. ೧೯೨೭ಕ್ಕೆ ಗೋಪುರವು ಮುಗಿಯಿತು. ೧೯೩೦ರಲ್ಲಿ ಶಿಲ್ಪಿಯು ಮಡಿದನು. ಮಗನಾದ ಕೋರೆ ಕ್ಲಿಂಟನು ಕೆಲಸವನ್ನು ಸಾಗಿಸಿದನು. ಸುಮಾರು ಅರುವತ್ತು ಲಕ್ಷ ಹಳದಿಯ ಇಟ್ಟಿಗೆಗಳಿಂದ ಕಟ್ಟಿದ ಆ ಆಲಯದಲ್ಲಿ ಅಮೃತಶಿಲೆಯಿಲ್ಲ, ಚಿತ್ರಪಟಗಳ ಆಡಂಬರವಿಲ್ಲ. ಡೆನ್ಮಾರ್ಕಿನ ಹಳ್ಳಿಯ ಗುಡಿಗಳಿಗೆ ಇರುವ ಮೆಟ್ಟಿಲುಮೆಟ್ಟಿಲಾದ ಮುಂಗೋಡೆಯನ್ನೇ ಬೆಳೆಸಿ ಮುಗಿಲಿಗೆ ಮುಟ್ಟಿಸಿದಂತೆ ಅದು ಕಾಣುವುದು. ಹಳ್ಳಿಯವನನ್ನು ರಾಜಧಾನಿಯಲ್ಲಿ ತಲೆಯೆತ್ತಿ ನಿಲ್ಲಿಸಿದವನಿಗೆ ಹಳ್ಳಿಯ ಗುಡಿಯನ್ನೇ ಮಹಾದೇವಾಲಯವಾಗಿ ಕಟ್ಟಿದ ಶಿಲ್ಪಿಯು ಆತನ ಮರ್ಮವನ್ನು ಅರಿತವನೆನ್ನಬೇಕು. ಇದನ್ನು ಬರಿಯ ಇಟ್ಟಿಗೆಯ ರಾಶಿಯೆಂದು ಹಳಿಯುವುದು ನ್ಯಾಯವಾಗಲಾರದು.

ಆದರೆ ಈ ಆಲಯವು ಪೂರ್ಣವಾಗಿ ಪ್ರತಿಷ್ಠಿತವಾದದ್ದು ೧೯೪೦ನೆಯ ಸೆಪ್ಟೆಂಬರ್ ೮ರಂದು. ಅದೇ ವರ್ಷದ ಏಪ್ರಿಲ್ ೯ರಂದು ಜರ್ಮನ್ ಸೈನ್ಯವು ಡೆನ್ಮಾರ್ಕನ್ನು ಆಕ್ರಮಿಸಿದ್ದಿತು. ಬೀದಿಗಳಲ್ಲಿ ಪರಸೈನಿಕರು ತಿರುಗುತ್ತಿದ್ದರು. ಗ್ರುಂಟ್ವಿಗ್ಗನಿಗೆ ದೇಶವು ಕಟ್ಟಿದ ಅತಿ ದೊಡ್ಡ ಸ್ಮಾರಕದ ಬಾಗಿಲು ತೆರೆದಾಗ, ಆತನು ಕಾಪಾಡಲು ಯತ್ನಿಸಿದ ಜನಜೀವನವೇ ಪರಾಧೀನವಾಗಿದ್ದಿತು. ಆಗ ಆ ಜನರು ಆತನನ್ನು ನೆನೆದ ಬಗೆಯಾವುದು? ಆ ವರ್ಷದ ಶರತ್ಕಾಲದಲ್ಲಿ ಹಾಲ್ ಕೋಕ್ ಎಂಬ ಯುವಕ ಪ್ರಾಧ್ಯಾಪಕನು ಕೋಪನ್‌ಹೇಗನ್ ವಿಶ್ವವಿದ್ಯಾಲಯದಲ್ಲಿ ಗ್ರುಂಟ್ವಿಗ್ಗನನ್ನು ಕುರಿತು ಸಾರ್ವಜನಿಕ ಉಪನ್ಯಾಸಗಳನ್ನು ಮಾಡತೊಡಗಿದನು. ಕೇಳಲು ಜನರು ಕಿಕ್ಕಿರಿದು ಬಂದರು. ಅದೇ ಬೇಸಗೆಯಿಂದ ಸೆಪ್ಟೆಂಬರಿನವರೆಗೆ ಊರೂರುಗಳಲ್ಲಿ ಲಕ್ಷಾಂತರ ಮಂದಿ ಬಯಲಿನಲ್ಲಿ ಸೇರಿ ತಮ್ಮ ನಾಡಿನ ಹಾಡುಗಳನ್ನು ಒಟ್ಟಾಗಿ ಹಾಡಿದರು. ೧೮೩೮ರ ಆ ಸಂಜೆಯಲ್ಲಿ ಕೂಡಿದ್ದ ಉಪನ್ಯಾಸವೂ ಗಾನವೂ ಸಂಕಟದ ಕಾಲದಲ್ಲಿ ತಾವಾಗಿಯೇ ಮರಳಿ ಬಂದವು. ಆಕ್ರಮಿಸಿದವನಿಗೆ ದೇವಾಲಯದ ಬಾಗಿಲನ್ನು ಮುಚ್ಚಿಸುವುದು ಅಸಾಧ್ಯವಾಗಿರಲಿಲ್ಲ. ಹಾಡುವ ಅಷ್ಟು ಬಾಯಿಗಳನ್ನು ಮುಚ್ಚಿಸುವುದು ಸಾಧ್ಯವಿರಲಿಲ್ಲ. ನೂರು ವರ್ಷಗಳ ಜನಶಿಕ್ಷಣದ ಫಲವು ಪರೀಕ್ಷೆಗೆ ಬಂದುದು ಆ ವರ್ಷವೇ ಎನ್ನಬೇಕು.

ಈ ಬೀಜವು ಪರದೇಶಗಳಿಗೂ ಹೋಯಿತು. ನಾರ್ವೆಯಲ್ಲಿ ೧೮೬೪ರಲ್ಲಿಯೂ ಸ್ವೀಡನ್ನಿನಲ್ಲಿ ೧೮೬೮ರಲ್ಲಿಯೂ ವಿದ್ಯಾಪೀಠಗಳು ಹುಟ್ಟಿದವು. ಅಮೆರಿಕದ ಮೈಲ್ಸ್ ಹಾರ್ಟನ್ ಎಂಬಾತನು ಡೆನ್ಮಾರ್ಕಿಗೆ ಹೋಗಿ ನೋಡಿ ಬಂದು ೧೯೩೨ರಲ್ಲಿ ಟೆನೆಸಿ ಸೀಮೆಯ ಬೆಟ್ಟದ ಮೇಲೆ ಹೈಲ್ಯಾಂಡರ್ ಶಾಲೆಯನ್ನು ಸ್ಥಾಪಿಸಿದನು. ಬಿಳಿಯರೂ ಕರಿಯರೂ ಒಟ್ಟಿಗೆ ಕುಳಿತು ಉಣ್ಣುತ್ತಿದ್ದ ಆ ಶಾಲೆಯಲ್ಲಿ ರೋಸಾ ಪಾರ್ಕ್ಸ್ ಎಂಬ ಮಹಿಳೆಯು ೧೯೫೫ರ ಬೇಸಗೆಯಲ್ಲಿ ಕೆಲವು ದಿನ ಇದ್ದಳು. ಅದೇ ಡಿಸೆಂಬರಿನಲ್ಲಿ ಆಕೆಯು ಬಸ್ಸಿನಲ್ಲಿ ತನ್ನ ಸ್ಥಾನವನ್ನು ಬಿಟ್ಟುಕೊಡಲಾರೆನೆಂದುದು ಲೋಕಪ್ರಸಿದ್ಧವಾದ ಸಂಗತಿ. ಯೂರೋಪಿನ ಒಕ್ಕೂಟವು ೨೦೦೦ದಿಂದ ೨೦೧೩ರವರೆಗೆ ವಯಸ್ಕರ ಶಿಕ್ಷಣಕ್ಕಾಗಿ ನಡೆಸಿದ ಯೋಜನೆಗೆ ಗ್ರುಂಟ್ವಿಗ್ಗನ ಹೆಸರನ್ನೇ ಇಟ್ಟಿದ್ದಿತು.

ನಮ್ಮ ನಾಡಿಗೂ ಒಂದು ಕವಲು ಬಂದಿದೆ. ಹಿಂದಿನ ಮೈಸೂರು ಸಂಸ್ಥಾನದಲ್ಲಿ ವಯಸ್ಕರ ಶಿಕ್ಷಣ ಸಮಿತಿಯು ಅಕ್ಷರಪ್ರಚಾರವನ್ನು ಕೈಕೊಂಡು, ಹೊಸದಾಗಿ ಓದಲು ಕಲಿತವರಿಗಾಗಿ ‘ಬೆಳಕು’ ಎಂಬ ವಾರಪತ್ರಿಕೆಯನ್ನ ನಡೆಸಿತು. ‘ಪುಸ್ತಕ ಪ್ರಪಂಚ’ ಎಂಬ ಮಾಸಪತ್ರಿಕೆಯನ್ನೂ ಹೊರಡಿಸಿತು. ಅಕ್ಷರ ಬಂದವನು ಮುಂದೇನು ಮಾಡಬೇಕೆಂಬ ಪ್ರಶ್ನೆಯು ಡೆನ್ಮಾರ್ಕಿನಂತೆ ಇಲ್ಲಿಯೂ ಎದ್ದಿತು. ೧೯೪೭ರಲ್ಲಿ ಕಪಿಲಾ ತೀರದ ನಂಜನಗೂಡಿನಲ್ಲಿ ಡೇನರ ಮಾದರಿಯನ್ನು ಅನುಸರಿಸಿ ಮೊದಲನೆಯ ವಿದ್ಯಾಪೀಠವು ತೆರೆಯಿತು. ಹಳ್ಳಿಯ ತರುಣರು ಬಂದು, ಅಲ್ಲಿಯೇ ಇದ್ದು, ಕಲಿತು, ತಮ್ಮ ಹಳ್ಳಿಗೆ ಹಿಂದಿರುಗತಕ್ಕ ಸ್ಥಳವದು. ಬಳಿಕ ಬೇರೆ ಕಡೆಗಳಲ್ಲಿಯೂ ಅಂತಹವು ಹುಟ್ಟಿದವು. ಊಡ್ಬಿಯ ಪಾದ್ರಿಯ ಮಗನ ಹೆಸರನ್ನು ಕೇಳದಿದ್ದ ಒಕ್ಕಲಮಕ್ಕಳು ಹೀಗೆ ಅವನ ಪೂಜೆಯನ್ನು ಸಲ್ಲಿಸಿದರು.

ಇಷ್ಟನ್ನು ನೋಡಿದಮೇಲೆ ಸನ್ಮಾನದ ತಾರತಮ್ಯವನ್ನು ನಿರ್ಣಯಿಸುವುದು ಕಷ್ಟವಲ್ಲ. ಪಾರಿತೋಷಕವು ಬೇಡವೆನ್ನುವಂತಿಲ್ಲ, ಬಡ ಉಪಾಧ್ಯಾಯನಿಗೆ ಶಾಲು ಹೊದಿಸಿದರೆ ಆತನ ಊರಿನವರ ಕಣ್ಣಾದರೂ ಆತನ ಕೆಲಸದ ಕಡೆಗೆ ತಿರುಗುವುದು. ಆದರೆ ಶಾಲು ಹೊದಿಸಿದ ಕೈಗಳು ಮರುದಿನ ರಾತ್ರಿಶಾಲೆಯ ದೀಪಕ್ಕೆ ಎಣ್ಣೆಯನ್ನು ಹಾಕದಿದ್ದರೆ, ಆ ಸನ್ಮಾನವು ಕೃತಜ್ಞತೆಯಿಂದ ಬಿಡುಗಡೆ ಹೊಂದುವ ಉಪಾಯವಾಗಿಬಿಡುವುದು. ೧೮೫೩ರ ಆ ಡೇನರು ಇದನ್ನು ಬಲ್ಲವರಾಗಿದ್ದರು. ಹಿರಿಯನಿಗೆ ಬೇಕಾದುದು ಏನೆಂದು ಆತನ ಪುಸ್ತಕಗಳನ್ನು ಓದಿ ತಿಳಿದು ಅದನ್ನೇ ಕೊಟ್ಟರು. ಇನ್ನೊಂದು ಮಾತು. ದೇವಾಲಯವು ಗ್ರುಂಟ್ವಿಗ್ಗನಿಗೆ ಎದ್ದಿತು; ಕೈಗಾಡಿಯನ್ನು ಎಳೆದುಕೊಂಡು ಬಂದ ಕೋಲ್ಡನಿಗೆ ಏಳಲಿಲ್ಲ. ೧೮೭೦ರಲ್ಲಿ ತೀರಿಕೊಂಡ ಆತನ ಹೆಸರು ಡೆನ್ಮಾರ್ಕಿನ ಹೊರಗೆ ಅನೇಕರಿಗೆ ತಿಳಿಯದು. ಲೋಕಶಿಕ್ಷಕರನ್ನು ಗೌರವಿಸುವ ಸಭೆಗಳಲ್ಲಿ ಗ್ರಂಥ ಬರೆದವರ ಪಕ್ಕದಲ್ಲಿ ಒಲೆಯ ಬಳಿ ಕುಳಿತು ಪಾಠ ಹೇಳಿದವರಿಗೂ ಒಂದು ಪೀಠವನ್ನು ಇಡುವುದು ಧರ್ಮ.

ಇಂದಿಗೂ ಡೆನ್ಮಾರ್ಕಿನಲ್ಲಿ ಸುಮಾರು ಎಪ್ಪತ್ತು ವಿದ್ಯಾಪೀಠಗಳು ನಡೆಯುತ್ತಿವೆ. ರೈತರ ಮಕ್ಕಳ ಜಾಗದಲ್ಲಿ ಈಗ ನಗರದ ತರುಣ ತರುಣಿಯರು ಹೆಚ್ಚಾಗಿ ಕಾಣುವರು. ಕಲಿಸುವ ವಿಷಯಗಳೂ ಬದಲಾಗಿವೆ. ಆದರೆ ಗುರುಶಿಷ್ಯರು ಒಂದೇ ಸೂರಿನಡಿಯಲ್ಲಿರುವುದು, ಪರೀಕ್ಷೆಯಿಲ್ಲದಿರುವುದು, ದಿನವನ್ನು ಹಾಡಿನಿಂದ ಮೊದಲುಮಾಡುವುದು ಹಾಗೆಯೇ ಉಳಿದುಬಂದಿವೆ. ಹಾಡುವವರಲ್ಲಿ ಎಷ್ಟೋ ಮಂದಿ ಗ್ರುಂಟ್ವಿಗ್ಗನ ದೀರ್ಘವಾದ ಗ್ರಂಥಗಳ ಒಂದು ಪುಟವನ್ನಾದರೂ ಓದಿರಲಾರರು. ಕೋಲ್ಡನು ಹೇಳಿದ ಕಾಳಿನ ಮಾತು ಇಲ್ಲಿ ಒಪ್ಪುವುದು: ಬಿತ್ತಿದವನ ಹೆಸರಿನ ಗೂಟವಿಲ್ಲದಿದ್ದರೂ ಪೈರು ಮೇಲೆ ಬಂದಿದೆ.